ಸಾರಿನ ಭಯ ಬೇಡ, ಪುಕ್ಕದ ಭಯ ಇರಲಿ

ತಾಳವಾಡಿ ಬೆಟ್ಟದ ತಿಗನಾರೆ ಸೇರಿರುವುದು ತಮಿಳುನಾಡಿನ ಈರೋಡು ಜಿಲ್ಲೆಗೆ. ಊರಿನ ಮಾತು ಕನ್ನಡ. ನೆಂಟಸ್ತನ, ವ್ಯಾಪಾರ, ಆಸ್ಪತ್ರೆ ಎಲ್ಲಕ್ಕೂ ಚಾಮರಾಜನಗರದ ಕಡೆಯೇ ಓಡಾಟ ಜಾಸ್ತಿ. ದಿಂಬಂ ಘಾಟಿನ 27 ತಿರುವು ಇಳಿದು ಸತ್ಯಮಂಗಲ ಸೇರುವುದಕ್ಕಿಂತ ಇತ್ತ ಬಸ್ಸು ಹತ್ತುವುದೇ ಸಲೀಸು. ಹಬ್ಬದ ಹಿಂದುಮುಂದೆ ಆ ಬಸ್ಸುಗಳಲ್ಲಿ ನಾಟಿ ಕೋಳಿಗಳೂ ಬರುತ್ತವೆ, ಕಾಲು ಕಟ್ಟಿಸಿಕೊಂಡು, ಬಟ್ಟೆ ಚೀಲದಿಂದ ಕತ್ತು ಹೊರಗೆ ಹಾಕಿಕೊಂಡು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸಂಸಾರ ಹೂಡಿರುವ ಮಗಳಿಗೆ ತವರಿನವರು ತರುವ ಹೇಟೆ ಅದು.

ಹಕ್ಕಿಜ್ವರದ ಸುದ್ದಿ ಟಿವಿಯಲ್ಲಿ ಬಂತೆನ್ನಿ. ಆ ಮಗಳ ಮನೆಯಲ್ಲಿ ಮೊದಲು ನಿಲ್ಲುವುದು ಕೋಳಿ ಸಾರು. ಮೊಟ್ಟೆ ಎರಡು ವಾರ ಬಂದ್. ಆದರೆ ಊರಿಂದ ಬಂದ ಹೇಟೆ ಬಾಲ್ಕನಿಯ ಮೂಲೆಯಲ್ಲಿ ಹಿಕ್ಕೆ ಹಾಕಿಕೊಂಡು ಕೂತೇ ಇರುತ್ತದೆ, ಮಕ್ಕಳು ಅದನ್ನು ಎತ್ತಿಕೊಂಡು ಆಡುತ್ತಲೇ ಇರುತ್ತವೆ. ನಮ್ಮ ಹೆದರಿಕೆ ತಪ್ಪು ಜಾಗದಲ್ಲಿದೆ. ಚೆನ್ನಾಗಿ ಬೆಂದ ಕೋಳಿಯಿಂದ ಹಕ್ಕಿಜ್ವರ ಬರುವುದಿಲ್ಲ. ಬರುವುದಿದ್ದರೆ ಕಾಯಿಲೆಯ ಹಕ್ಕಿಯನ್ನು ಹಿಡಿಯುವಾಗ, ಕುಯ್ಯುವಾಗ, ಪುಕ್ಕ ಕೀಳುವಾಗ, ಅದರ ಹಿಕ್ಕೆ ಬಳಿಯುವಾಗ.

ಇದು ಊಹೆಯ ಮಾತಲ್ಲ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ಸು ಮೊದಲ ಬಾರಿಗೆ ಮನುಷ್ಯರನ್ನು ಹಿಡಿಯಿತು. 18 ಮಂದಿಗೆ ತಗುಲಿ 6 ಮಂದಿ ಸತ್ತರು. ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಪಕ್ಕಪಕ್ಕ ಇಟ್ಟು ವಿಚಾರಿಸಿದಾಗ, ಜ್ವರ ಬರುವ ಹಿಂದಿನ ವಾರ ಜೀವಂತ ಕೋಳಿಯ ಅಂಗಡಿಗೆ ಹೋಗಿದ್ದವರಿಗೇ ಅಪಾಯ ಹೆಚ್ಚಿದ್ದದ್ದು ಕಂಡಿತು. ಕೋಳಿ ತಿಂದದ್ದಕ್ಕೂ ಕಾಯಿಲೆಗೂ ನಂಟು ಕಾಣಲಿಲ್ಲ. 2006ರಲ್ಲಿ ಅಜರ್‌ಬೈಜಾನ್‌ನಲ್ಲಿ ಈ ಕಾಯಿಲೆ ತಗುಲಿದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಸತ್ತು ಬಿದ್ದ ಕಾಡು ಹಂಸಗಳ ಪುಕ್ಕವನ್ನು ದಿಂಬಿಗೆಂದು ಕಿತ್ತವರು ಅವರು. 2013ರಲ್ಲಿ ಚೀನಾದಲ್ಲಿ ಎಚ್7ಎನ್9 ಎಂಬ ಇನ್ನೊಂದು ಬಗೆ ಹರಡಿದಾಗ ಶಾಂಘೈಯಂಥ ನಗರಗಳು ಜೀವಂತ ಕೋಳಿ ಮಾರುಕಟ್ಟೆಗಳನ್ನು ಮುಚ್ಚಿದವು. ಮುಚ್ಚಿದ್ದೇ ತಡ, ಆ ನಗರಗಳಲ್ಲಿ ಹೊಸ ರೋಗಿಗಳು ಬರುವುದು ಬಹುಮಟ್ಟಿಗೆ ನಿಂತುಹೋಯಿತು.

ವೈರಸ್ಸಿನ ಮೂಲ ಮನೆ ಕಾಡು ಬಾತು ಮತ್ತು ಇತರ ನೀರುಹಕ್ಕಿಗಳ ಕರುಳು. ಎಷ್ಟೋ ಸಲ ಅವು ಕಾಯಿಲೆಯೇ ಬೀಳದೆ ವೈರಸ್ಸನ್ನು ಹಿಕ್ಕೆಯ ಜೊತೆ ನೀರಿಗೆ ಬಿಡುತ್ತವೆ. ಆ ನೀರು ಮುಟ್ಟಿದ ಸಾಕುಬಾತು, ಸಾಕುಬಾತಿನ ಪಕ್ಕದ ಕೋಳಿ, ಕೋಳಿ ಸಾಗಿಸಿದ ಪಂಜರ, ಪಂಜರ ಇಟ್ಟ ಲಾರಿಯ ಚಕ್ರ, ಹೀಗೆ ಅದರ ದಾರಿ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಎಚ್5ಎನ್1ಗೆ ಸಿಕ್ಕಿ ರಾಶಿರಾಶಿಯಾಗಿ ಸತ್ತವು. ಅದೇ ಜಾತಿಯ ಹೆಬ್ಬಾತು ಪ್ರತಿ ಚಳಿಗಾಲ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ ಬರುತ್ತದೆ. (ಏರಿಯ ಮೇಲೆ ನಿಂತು ದುರ್ಬೀನಿನಲ್ಲಿ ನೋಡುವವರಿಗೆ ಇದರಿಂದ ಏನೂ ಆಗದು; ಸತ್ತ ಹಕ್ಕಿಯನ್ನು ಎತ್ತಿ ತಿರುಗಿಸಿ ಫೋಟೊ ತೆಗೆಯುವವರ ಮಾತು ಬೇರೆ.) ನಮ್ಮ ಕಡೆ ಹಕ್ಕಿಜ್ವರದ ಸುದ್ದಿ ಹೆಚ್ಚಾಗಿ ದೀಪಾವಳಿಯಿಂದ ಯುಗಾದಿಯ ನಡುವೆ ಬರುವುದಕ್ಕೆ ವಲಸೆ ಒಂದು ಕಾರಣವಾದರೆ ಚಳಿ ಇನ್ನೊಂದು. ಹಿಕ್ಕೆಯಲ್ಲಿರುವ ಎಚ್5ಎನ್1 ವೈರಸ್ಸು 37 ಡಿಗ್ರಿ ಶಾಖದಲ್ಲಿ 6 ದಿನ ಉಳಿದರೆ 4 ಡಿಗ್ರಿ ತಂಪಿನಲ್ಲಿ 35 ದಿನವಾದರೂ ಉಳಿಯಬಲ್ಲದು. ತಾಳವಾಡಿ ಬೆಟ್ಟದ ಮಾಗಿ ಇವೆರಡರ ನಡುವೆ ಎಲ್ಲೋ ಬರುತ್ತದೆ. ನೆರಳಲ್ಲಿರುವ ತೇವದ ಕೋಳಿಗೂಡಿನ ನೆಲ ಬಿಸಿಲು ಬಿದ್ದ ಅಂಗಳಕ್ಕಿಂತ ಹೆಚ್ಚು ದಿನ ಅಪಾಯದ್ದೇ.

ಇದು ದೂರದ ಫಾರಂಗಳ ಪಾಡು ಎಂದುಕೊಳ್ಳುವಂತೆಯೂ ಇಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನ ಯಲಹಂಕದ ಕಡೆಯ ದಾಸರಹಳ್ಳಿಯಲ್ಲಿ ಹಕ್ಕಿಜ್ವರ ಪತ್ತೆಯಾದದ್ದು ಒಂದು ಕೋಳಿ ಅಂಗಡಿಯಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಮೈಸೂರಿನ ಚಾಮರಾಜೇಂದ್ರ ಮೃಗಾಲಯದ ಹಕ್ಕಿಗಳಲ್ಲಿ ಎಚ್5ಎನ್8 ಎಂಬ ಬಗೆ ಸಿಕ್ಕಿ, ಮೃಗಾಲಯ ಸುಮಾರು ತಿಂಗಳ ಕಾಲ ಬಾಗಿಲು ಮುಚ್ಚಿತ್ತು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ ಕಾಣಿಸಿಕೊಂಡಿತು. ಕುಂಬಾರಕೊಪ್ಪಲು ಮನೆ, ಅಂಗಡಿ ಒತ್ತೊತ್ತಾಗಿರುವ ನಗರದೊಳಗಿನ ಜಾಗ. ಸತ್ತ ಹಕ್ಕಿಗಳ ಮಾದರಿಯನ್ನು ಭೋಪಾಲದ ಪ್ರಯೋಗಾಲಯ ಹಕ್ಕಿಜ್ವರವೆಂದು ದೃಢಪಡಿಸಿದ ಮೇಲೆ ಸುತ್ತ ಒಂದು ಕಿ.ಮೀ. ಒಳಗಿನ ಕೋಳಿಗಳನ್ನು ಕೊಂದು ಹೂಳಿದರು, ಹತ್ತು ಕಿ.ಮೀ.ವರೆಗೆ ನಿಗಾ ಇಟ್ಟರು. ಆ ವರ್ಷದ ಯುಗಾದಿ ಮಾರ್ಚ್ 25ಕ್ಕಿತ್ತು. ಹಬ್ಬದ ಮರುದಿನದ ಹೊಸತೊಡಕಿನ ಕೋಳಿಗೆ ಹೊಂಚಿದ್ದವರಿಗೆ ಒಂದು ಕಡೆ ಹಕ್ಕಿಜ್ವರ, ಇನ್ನೊಂದು ಕಡೆ ಕೊರೊನಾ. ಅದರ ನಡುವೆ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿ, ಕಾಯಿಲೆಯೇ ಇಲ್ಲದ ಊರಿನ ಸಾಕಣೆದಾರರನ್ನೂ ಮುಳುಗಿಸಿತು. ಈಚೆಗೆ 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯ ಮನೆಕೋಳಿಗಳಲ್ಲೂ ಸಂಡೂರು ತಾಲ್ಲೂಕಿನ ಕುರೆಕುಪ್ಪದ ಕೋಳಿ ಫಾರಂನಲ್ಲೂ ಹಕ್ಕಿಜ್ವರ ಬಂತು.

ಹಾಗಿದ್ದರೂ ಮನುಷ್ಯರಿಗೆ ತಗುಲುವುದು ಏಕೆ ಇಷ್ಟು ಅಪರೂಪ? ವೈರಸ್ಸಿಗೆ ಜೀವಕೋಶದ ಮೇಲೆ ಹಿಡಿದು ಕೂರಲು ಒಂದು ಬಗೆಯ ಆಸರೆ ಬೇಕು. ಹಕ್ಕಿಗಳ ವೈರಸ್ಸಿಗೆ ಒಗ್ಗುವ ಆಸರೆ ಕೋಳಿಯ ಕರುಳು, ಉಸಿರುನಾಳಗಳಲ್ಲಿ ಧಾರಾಳವಾಗಿದೆ. ನಮ್ಮ ಮೂಗು, ಗಂಟಲಲ್ಲಿ ಕಡಿಮೆ. ಶ್ವಾಸಕೋಶದ ಆಳದಲ್ಲಿ ಮತ್ತು ಕಣ್ಣಿನ ಮೇಲ್ಪದರದಲ್ಲಿ ಇದೆ. ಆದ್ದರಿಂದ ಒಂದಿಷ್ಟು ಮೈಗೆ ಸೋಂಕಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ, ಬಹಳ ಹತ್ತಿರದಿಂದ ಬಹಳಷ್ಟು ಒಳಗೆ ಹೋಗಬೇಕು. ಹೋದರೆ ಮಾತ್ರ ಶ್ವಾಸಕೋಶದ ಆಳಕ್ಕೇ ಇಳಿಯುವುದರಿಂದ ಪೆಟ್ಟು ಜೋರು. 2003ರಿಂದ ಈಚೆಗೆ ಇಡೀ ಜಗತ್ತಿನಲ್ಲಿ ಎಚ್5ಎನ್1 ತಗುಲಿದ್ದು ದೃಢಪಟ್ಟವರು ಒಂಬೈನೂರು ಚಿಲ್ಲರೆ ಮಂದಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಭಾರತದಲ್ಲಿ ಮೊದಲ ಸಾವು 2021ರಲ್ಲಿ, ಹರಿಯಾಣದ ಬಾಲಕನದು. 2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಹೆಣ್ಣುಮಗು ತೀರಿಕೊಂಡಿತು. ಅಡುಗೆಗೆಂದು ಹೆಚ್ಚುತ್ತಿದ್ದ ಹಸಿ ಕೋಳಿಯ ತುಣುಕೊಂದು ಆ ಮಗುವಿನ ಬಾಯಿಗೆ ಹೋಗಿತ್ತೆಂದು ಆಗ ವರದಿಯಾಗಿತ್ತು.

ಈಗ ಮನೆಯ ಮಾತು.

ನಾಟಿ ಕೋಳಿ ಮಾಡುವ ಮನೆಯಲ್ಲಿ ಅತಿ ಅಪಾಯದ ಹೊತ್ತು ಪುಕ್ಕ ಕೀಳುವ ಅರ್ಧ ಗಂಟೆ. ಕುತ್ತಿಗೆ ಕುಯ್ದ ಕೋಳಿ ಪಟಪಟ ಒದ್ದಾಡಿ ರಕ್ತ, ಧೂಳು ಹಾರಿಸುತ್ತದೆ. ಆಮೇಲೆ ಅದನ್ನು ಕುಕ್ಕರುಗಾಲಲ್ಲಿ ಕೂತವರು ಮುಖದ ಹತ್ತಿರ ಹಿಡಿದು ಪುಕ್ಕ ಕೀಳುತ್ತಾರೆ. ಒಣ ಪುಕ್ಕವಾದರೆ ಚಿಕ್ಕ ತುಪ್ಪುಳು ಗಾಳಿಗೆದ್ದು ಮೂಗಿಗೆ, ಕಣ್ಣಿಗೆ. ಬೆವರು ಒರೆಸಿಕೊಳ್ಳಲು ಅದೇ ಕೈ, ಮೂಗು ತುರಿಸಿದರೂ ಅದೇ ಕೈ. ಪಕ್ಕದಲ್ಲಿ ಕಾಲು ಹಿಡಿದುಕೊಳ್ಳಲು ಒಂದು ಮಗು. ಕೊನೆಗೆ ಅರಿಶಿನ ಬಳಿದು ಬೆಂಕಿಯಲ್ಲಿ ಸುಡುವಾಗ ಹೊರಮೈಯೇನೋ ಚುರುಗುಟ್ಟುತ್ತದೆ, ಒಳಗಿನ ಕರುಳು ಹಸಿಯಾಗೇ ಇರುತ್ತದೆ. ವೈರಸ್ಸು ಹೆಚ್ಚಿರುವ ಜಾಗಗಳಲ್ಲಿ ಆ ಕರುಳೂ ಒಂದು.

ಪದ್ಧತಿ ಬಿಡಬೇಕಿಲ್ಲ, ಸ್ವಲ್ಪ ತಿದ್ದಿಕೊಂಡರೆ ಸಾಕು. ಕೋಳಿ ಕುಯ್ಯುವುದು ಮನೆಯೊಳಗೆ, ಬಚ್ಚಲಲ್ಲಿ, ಬಾಲ್ಕನಿಯಲ್ಲಿ ಬೇಡ. ಗಾಳಿಯಾಡುವ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು. ಬಿಸಿನೀರಲ್ಲಿ ಪೂರ್ತಿ ಅದ್ದಿ, ಒದ್ದೆಯಿರುವಾಗಲೇ ಕಿತ್ತರೆ ಪುಕ್ಕ ಹಾರುವುದಿಲ್ಲ. ಮೂಗು, ಬಾಯಿಗೆ ಮಾಸ್ಕು, ಕನ್ನಡಕವಿದ್ದರೆ ಅದೂ. ಕೈಗೆ ಗ್ಲೌಸು ಸಿಗದಿದ್ದರೆ ಹಾಲಿನ ಪ್ಯಾಕೆಟ್ಟಿನಂಥ ಪ್ಲಾಸ್ಟಿಕ್ಕಾದರೂ ಸುತ್ತಿಕೊಳ್ಳಿ. ಕೈಯಲ್ಲಿ ಗಾಯವಿದ್ದವರು, ಬಸುರಿಯರು, ಮಕ್ಕಳು ದೂರ. ಮುಗಿದ ಮೇಲೆ ಸೋಪಿನಿಂದ ಮೊಳಕೈವರೆಗೆ ತಿಕ್ಕಿ ತೊಳೆಯಬೇಕು. ವೈರಸ್ಸಿನ ಮೇಲೆ ಕೊಬ್ಬಿನದೊಂದು ತೆಳು ಹೊದಿಕೆ ಇದೆ. ಜಿಡ್ಡಿನ ಪಾತ್ರೆಗೆ ಸೋಪು ಮಾಡುವ ಕೆಲಸವನ್ನೇ ಅದಕ್ಕೂ ಮಾಡುತ್ತದೆ, ಹೊದಿಕೆ ಕರಗಿದರೆ ವೈರಸ್ಸು ಸತ್ತಂತೆ. ಬರೀ ನೀರಿನಲ್ಲಿ ಅದ್ದಿ ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ. ಪುಕ್ಕ, ಕರುಳನ್ನು ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಹೂಳಿ. ನೆಲಕ್ಕೆ ಬ್ಲೀಚಿಂಗ್ ಪೌಡರು ಕಲಸಿದ ನೀರು.

ಅಂಗಡಿಯಿಂದ ತರುವವರಿಗೆ ಇದರಲ್ಲಿ ಅರ್ಧ ಕೆಲಸ ಉಳಿಯಿತು. ಆದರೆ ಪುಕ್ಕ ತೆಗೆಯುವ ಡ್ರಮ್ಮಿನ ಮೆಷಿನ್ನು ತಿರುಗುವಾಗ ಅದರ ಪಕ್ಕ ನಿಂತು ಗಿರಾಕಿ ಹರಟುವುದು ಸರಿಯಲ್ಲ. ಹೇಳಿಬಿಟ್ಟು ಆಚೆ ನಿಲ್ಲಿ, ಮಕ್ಕಳನ್ನು ಕರೆದೊಯ್ಯಬೇಡಿ, ಪಂಜರದ ಕೋಳಿಯನ್ನು ಮುಟ್ಟಿ ಆರಿಸಬೇಡಿ. ಮನೆಗೆ ತಂದ ಮಾಂಸವನ್ನು ಜೋರಾಗಿ ಬಿಟ್ಟ ನಲ್ಲಿಯ ಕೆಳಗೆ ತೊಳೆಯುವುದು ನಮ್ಮೆಲ್ಲರ ಅಭ್ಯಾಸ. ಹಾಗೆ ಮಾಡಿದರೆ ಹನಿ ಸಿಡಿದು ಸಿಂಕಿನ ಪಕ್ಕದ ಲೋಟ, ತಟ್ಟೆ, ಕೊತ್ತಂಬರಿ ಕಟ್ಟಿನ ಮೇಲೆ ಕೂರುತ್ತದೆ. ತೊಳೆಯಲೇಬೇಕೆನಿಸಿದರೆ ಪಾತ್ರೆಯೊಳಗೆ ನೀರು ಹಾಕಿ ಮೆಲ್ಲಗೆ. ಹೆಚ್ಚಿದ ಮಣೆ, ಚಾಕುವನ್ನು ಸೋಪಿನಲ್ಲಿ ತೊಳೆಯದೆ ಅದರ ಮೇಲೇ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಸಾರು ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ.

ಬೇಯಿಸುವ ಲೆಕ್ಕ ಸುಲಭ. ಮಾಂಸದ ಎಲ್ಲ ಭಾಗಕ್ಕೂ 70 ಡಿಗ್ರಿ ಶಾಖ ಮುಟ್ಟಿದರೆ ವೈರಸ್ಸು ಉಳಿಯುವುದಿಲ್ಲ. ಕುದಿಯುವ ಸಾರು 100 ಡಿಗ್ರಿಯ ಹತ್ತಿರ ಇರುತ್ತದೆ. ಮುದ್ದೆಗೆ ಮಾಡುವ ನಾಟಿ ಕೋಳಿ ಸಾರು ಮೆತ್ತಗಾಗಲು ಹಿಡಿಯುವ ಹೊತ್ತಿಗೆ ಅದರಲ್ಲಿ ಯಾವ ವೈರಸ್ಸೂ ಬದುಕಿರದು. ನೋಡಬೇಕಾದ್ದು ಕಬಾಬು, ತಂದೂರಿ, ಅವಸರದ ಬಿರಿಯಾನಿ: ಮೂಳೆಯ ಬುಡದಲ್ಲಿ ನಸುಗೆಂಪು ಉಳಿದಿದ್ದರೆ ಇನ್ನೂ ಬೇಯಬೇಕು. ಮೊಟ್ಟೆಯಾದರೆ ಬಿಳಿ, ಹಳದಿ ಎರಡೂ ಗಟ್ಟಿಯಾಗಬೇಕು. ನಾಮಕ್ಕಲ್ ಫಾರಂ ಮೊಟ್ಟೆಯೋ ಮನೆಯ ಮೊಟ್ಟೆಯೋ, ಬೇಯಿಸಿದರೆ ಎರಡೂ ಒಂದೇ. ಹಕ್ಕಿಜ್ವರದ ಸುದ್ದಿ ಇರುವಾಗ ಆಫ್‌ಬಾಯ್ಲ್ ಬಿಡಿ. ಮೈಗೆ ಒಳ್ಳೆಯದೆಂದು ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಮಕ್ಕಳಿಗೆ ಕುಡಿಸುವುದನ್ನು ಸುದ್ದಿ ಇರಲಿ ಬಿಡಲಿ, ಪೂರ್ತಿ ಬಿಡಿ. ಫ್ರಿಜ್ಜಿನಲ್ಲಿಟ್ಟರೆ ವೈರಸ್ಸು ಸಾಯುತ್ತದೆಂಬ ನಂಬಿಕೆಯೂ ತಲೆಕೆಳಗು, ತಂಪಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ.

ಊರುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯದ ಅಭ್ಯಾಸವೊಂದಿದೆ. ಕೋಳಿಗೆ ಕಾಯಿಲೆ ಬಿತ್ತೆಂದರೆ ಪಕ್ಕದ ಮನೆಯವರು ಬಂದು ಹೇಳುವುದು ಒಂದೇ ಮಾತು: “ಯಾಕಕ್ಕ ಸಾಯಗಂಟ ಬುಟ್ಕಂಡಿದ್ದರಿ, ಈಗ್ಲೇ ಕುಯ್ದ್‌ಬುಡಿ.” ತೂಕಡಿಸುತ್ತಿರುವ ನಾಲ್ಕು ಕೋಳಿಯನ್ನು ಒಂದೇ ದಿನ ಕುಯ್ದು, ಒಂದು ಮನೆಗೆ, ಇನ್ನೊಂದು ಮೈಸೂರಿನ ಮಗಳಿಗೆ, ಉಳಿದದ್ದು ಸಿಕ್ಕಿದ ಬೆಲೆಗೆ. ನಷ್ಟದಲ್ಲಿ ಒಂದಿಷ್ಟಾದರೂ ಉಳಿಯಲಿ ಎನ್ನುವ ಬಡವರ ಲೆಕ್ಕ ಅದು, ಬೈಯುವಂಥದ್ದಲ್ಲ. ಆದರೆ ಹಕ್ಕಿಜ್ವರವಾಗಿದ್ದರೆ, ಕೋಳಿಯ ಮೈಯಲ್ಲಿ ವೈರಸ್ಸು ತುಂಬಿ ತುಳುಕುವ ಹೊತ್ತಿನಲ್ಲೇ ನಾವು ಅದನ್ನು ಕೈಗೆತ್ತಿಕೊಂಡಂತೆ. ಜೊತೆಗೆ ಬಸ್ಸು ಹತ್ತಿಸಿ ಇನ್ನೊಂದು ಊರಿಗೆ ನಾವೇ ಮುಟ್ಟಿಸಿದಂತೆ. ತೂಕಡಿಸುವ ಕೋಳಿಯನ್ನು ಕುಯ್ಯಬೇಡಿ, ಮಾರಬೇಡಿ, ಕೊಡಬೇಡಿ.

ಎಲ್ಲ ಕೋಳಿ ಸಾವೂ ಹಕ್ಕಿಜ್ವರವಲ್ಲ ನಿಜ. ನಮ್ಮ ಹಿತ್ತಲಲ್ಲಿ ಕೋಳಿ ಸಾಯುವುದು ಹೆಚ್ಚಾಗಿ ಕೊಕ್ಕರೆ ರೋಗಕ್ಕೆ, ರಾಣಿಖೇತ್ ಎನ್ನುವುದೂ ಅದನ್ನೇ. ತಾಳವಾಡಿ ಪಶು ಆಸ್ಪತ್ರೆಯ ತಮಿಳು ಚೀಟಿಯಲ್ಲಿ ಅದು ‘ವೆಳ್ಳೈ ಕಳಿಚ್ಚಲ್’. ಕತ್ತು ತಿರುಚುವುದು, ಬಿಳಿ–ಹಸಿರು ಭೇದಿ, ಕಾಲೆಳೆಯುವುದು ಅದರ ಗುರುತು. ಹಕ್ಕಿಜ್ವರದಲ್ಲಿ ನಿನ್ನೆ ಸಂಜೆ ಮೇದ ಕೋಳಿ ಬೆಳಿಗ್ಗೆ ಗೂಡಿನಲ್ಲಿ ಸತ್ತಿರಬಹುದು, ಒಂದಲ್ಲ, ಒಟ್ಟಿಗೆ ಹಲವು. ಬದುಕಿರುವವುಗಳ ಜುಟ್ಟು ನೀಲಿಗಟ್ಟುತ್ತದೆ, ತಲೆ ಊದುತ್ತದೆ, ಕಾಲಿನ ಮೇಲೆ ಕೆಂಪು ರಕ್ತದ ಚುಕ್ಕೆ, ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ. ಆದರೆ ಕಣ್ಣಳತೆಯಲ್ಲಿ ಎರಡನ್ನೂ ಬೇರೆ ಮಾಡಲು ಅನುಭವಿ ಡಾಕ್ಟರಿಗೂ ಆಗುವುದಿಲ್ಲ, ಪರೀಕ್ಷೆಯೇ ಆಗಬೇಕು. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ಹಾಕಿಸಿ. ಅದರಿಂದ ಇನ್ನೊಂದು ಲಾಭ: ಲಸಿಕೆಯಾದ ಕೋಳಿಗಳು ಒಟ್ಟಿಗೆ ಸತ್ತರೆ ಅನುಮಾನ ಬೇಗ ಬರುತ್ತದೆ. ಎಚ್5ಎನ್1ಗೆ ಮಾತ್ರ ನಮ್ಮಲ್ಲಿ ಕೋಳಿಗೆ ಹಾಕುವ ಲಸಿಕೆ ಬಳಕೆಯಲ್ಲಿಲ್ಲ.

ಸತ್ತ ಕೋಳಿಯನ್ನು ಹಳ್ಳಕ್ಕೋ ಕಾಡಂಚಿಗೋ ಎಸೆಯುವುದು ತಾಳವಾಡಿ ಕಡೆ ಎರಡು ಪಟ್ಟು ತಪ್ಪು. ಸುತ್ತ ಇರುವುದು ಸತ್ಯಮಂಗಲ ಹುಲಿ ಅಭಯಾರಣ್ಯ. ನಾಗಪುರದ ಗೋರೆವಾಡ ವನ್ಯಪ್ರಾಣಿ ರಕ್ಷಣಾ ಕೇಂದ್ರದಲ್ಲಿ 2024ರ ಕೊನೆಗೆ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು. ಅದರ ಬೆನ್ನಲ್ಲೇ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮನೆಬೆಕ್ಕುಗಳಲ್ಲೂ ವೈರಸ್ಸು ಸಿಕ್ಕಿತು. ಬೆಕ್ಕಿನ ಜಾತಿಗೆ ಈ ಕಾಯಿಲೆ ಬಹಳ ಕೆಟ್ಟದ್ದು. ನಗರದ ಮನೆಗಳಿಗೂ ಇಲ್ಲೊಂದು ಪಾಠವಿದೆ. ಬೆಕ್ಕಿಗೆ, ನಾಯಿಗೆ ಹಸಿ ಕೋಳಿ ಕರುಳು ಹಾಕಬೇಡಿ, ಬೇಯಿಸಿ ಹಾಕಿ. ಸತ್ತ ಹಕ್ಕಿ ಕಚ್ಚಿಕೊಂಡು ಬರುವ ಬೆಕ್ಕನ್ನು ಸುದ್ದಿ ಇರುವ ವಾರಗಳಲ್ಲಾದರೂ ಒಳಗೆ ಕಟ್ಟಿಹಾಕಿ.

ಪಾರಿವಾಳಕ್ಕೆ ಎಚ್5ಎನ್1 ಅಷ್ಟು ಸುಲಭವಾಗಿ ಅಂಟುವುದಿಲ್ಲ, ಆದರೆ ಕಿಟಕಿಯ ಹಿಕ್ಕೆಯನ್ನು ಒಣಗಿದ ಮೇಲೆ ಕೆರೆದು ಗುಡಿಸಿದರೆ ಇತರ ಕಾಯಿಲೆಗಳೇ ಸಾಕಷ್ಟಿವೆ. ನೀರು ಚಿಮುಕಿಸಿ ಒರೆಸಿ. ಕಾಗೆ ಮಾತ್ರ ಬೇಗ ಸಾಯುತ್ತದೆ. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಮೊದಲು ಎಚ್ಚರಿಕೆ ಕೊಟ್ಟದ್ದು ಕಾಗೆಗಳ ಸಾವು. ಕಾಗೆಗೆ ಎಡೆ ಇಡುವುದನ್ನು ನಿಲ್ಲಿಸಬೇಕಿಲ್ಲ, ಇಟ್ಟು ಬಂದು ಕೈ ತೊಳೆದರಾಯಿತು. ಬೀದಿಯಲ್ಲಿ ಒಟ್ಟೊಟ್ಟಿಗೆ ನಾಲ್ಕಾರು ಕಾಗೆ ಸತ್ತು ಬಿದ್ದರೆ ಪೌರಕಾರ್ಮಿಕರಿಗೆ ಬರಿಗೈಯಲ್ಲಿ ಎತ್ತಲು ಹೇಳಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ.

ಕಾಯಿಲೆಯ ಅಥವಾ ಸತ್ತ ಹಕ್ಕಿಯನ್ನು ಮುಟ್ಟಿದವರಿಗೆ ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲಿ, ಕೆಲವೊಮ್ಮೆ ಎರಡು ವಾರದ ಮೇಲೂ, ಜ್ವರ, ಕೆಮ್ಮು, ಗಂಟಲು ನೋವು, ಕೆಂಗಣ್ಣು, ಉಸಿರಾಟದ ತೊಂದರೆ ಬರಬಹುದು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕಾಯಬೇಡಿ. ಒಸೆಲ್ಟಮಿವಿರ್ ಎಂಬ ಔಷಧ ಇದಕ್ಕಿದೆ, ಆದರೆ ಅದರ ಪೂರ್ತಿ ಫಲ ಸಿಗುವುದು ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ. ಆಸ್ಪತ್ರೆಯಲ್ಲಿ ಕೂತೊಡನೆ ಹೇಳಬೇಕಾದ ಮೊದಲ ಮಾತು “ಜ್ವರ” ಎಂದಷ್ಟೇ ಆಗಬಾರದು. “ಸತ್ತ ಕೋಳಿ ಮುಟ್ಟಿದ್ದೆ, ಇಂಥ ದಿನ” ಎಂಬುದೂ ಅದರ ಜೊತೆ ಬರಬೇಕು. ಹೇಳದಿದ್ದರೆ ಯಾವ ಡಾಕ್ಟರೂ ಅದನ್ನು ಊಹಿಸಲಾರರು.

ಇಷ್ಟೆಲ್ಲ ಗೊತ್ತಿದ್ದೂ ಜನ ಕೋಳಿ ಸಾವನ್ನು ಮುಚ್ಚಿಡುವುದೇಕೆ? ತಿಳಿಸಿದರೆ ಇಲಾಖೆಯವರು ಬಂದು ಎಲ್ಲ ಕೋಳಿಯನ್ನೂ ಕೊಂದುಬಿಡುತ್ತಾರೆ, ಅಕ್ಕಪಕ್ಕದ ಮನೆಯದನ್ನೂ ಬಿಡುವುದಿಲ್ಲ ಎಂಬ ಭಯ. ಭಯ ಸುಳ್ಳೇನಲ್ಲ, ರೋಗ ದೃಢಪಟ್ಟರೆ ಒಂದು ಕಿ.ಮೀ. ಒಳಗೆ ಹಾಗೇ ಮಾಡುತ್ತಾರೆ. ಆದರೆ ಇಲ್ಲೊಂದು ಲೆಕ್ಕವಿದೆ, ಇದನ್ನು ಇಲಾಖೆ ಇನ್ನೂ ಜೋರಾಗಿ ಸಾರಬೇಕಿತ್ತು: ಸರ್ಕಾರದ ಆದೇಶದಂತೆ ಕೊಂದ ಕೋಳಿಗೆ ಪರಿಹಾರವಿದೆ, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ, ಅದಕ್ಕೆ ಮೊದಲೇ ರೋಗಕ್ಕೆ ಸತ್ತ ಕೋಳಿಗೆ ಪರಿಹಾರವಿಲ್ಲ. ತಡ ಮಾಡಿದಷ್ಟೂ ಕಳೆದುಕೊಳ್ಳುವುದು ಸಾಕಿದವರೇ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ತಿಳಿಸುವುದು ಮಾಲೀಕರ ಕರ್ತವ್ಯವೂ ಹೌದು.

ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ಹೂಳುವ ಅವಸರ ಬೇಡ, ಮಾದರಿ ತೆಗೆಯಲು ಹೆಣ ಬೇಕು. ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗದಂತೆ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರಿ, ಉಳಿದ ಕೋಳಿಗಳನ್ನು ಗೂಡಿನಿಂದ ಹೊರಗೆ ಬಿಡಬೇಡಿ, 1962ಕ್ಕೆ ಫೋನು ಮಾಡಿ. ಪಶು ಚಿಕಿತ್ಸೆಯ ಈ ನಂಬರು ಕರ್ನಾಟಕ, ತಮಿಳುನಾಡು ಎರಡರಲ್ಲೂ ಒಂದೇ. ಗಡಿಯ ಊರಿನಲ್ಲಿ ನಿಮ್ಮ ಮೊಬೈಲು ಯಾವ ರಾಜ್ಯದ ಟವರು ಹಿಡಿದಿರುತ್ತದೋ ಹೇಳಲಾಗದು. ಫೋನು ಎತ್ತಿದೊಡನೆ ಊರು ತಿಗನಾರೆ, ತಾಲ್ಲೂಕು ತಾಳವಾಡಿ, ಜಿಲ್ಲೆ ಈರೋಡು ಎಂದು ಮೊದಲು ಹೇಳಿ, ಆಮೇಲೆ ಕೋಳಿಯ ವಿಷಯ.